ಮಕ್ಕಳ ಮನೆಯ ಬೇಸ್‌ಮೆಂಟ್‌ನಲ್ಲಿ ಮಲಗುವ ಮುಂಚೆ

ಸಂಪಾದಕರಿಗೆ ನಮಸ್ಕಾರ.

ಅಮೆರಿಕದ ಮಕ್ಕಳ ಮನೆಗೆ ಹೊರಟ ಅಪ್ಪ-ಅಮ್ಮಂದಿರಿಗೆ ವೀಸಾ ಹೇಗೆ, ಇನ್ಶೂರೆನ್ಸ್ ಯಾವುದು, ಉಪ್ಪಿನಕಾಯಿ ಒಯ್ಯಬಹುದಾ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಮಣ್ಣಿನಿಂದ ಮನೆಯೊಳಗೆ ಸೇರುವ, ವಿಕಿರಣ ಸೂಸುವ ರೇಡಾನ್ ಅನ್ನುವ ಗ್ಯಾಸಿನ ಹೆಸರನ್ನು ಮಾತ್ರ ನನಗೆ ಯಾರೂ ಹೇಳಿರಲಿಲ್ಲ. ಹೋದ ಚಳಿಗಾಲ ಅಯೋವಾದಲ್ಲಿ ಮಗಳ ಮನೆಯಲ್ಲಿ ಐದು ತಿಂಗಳು ಇದ್ದು ಬಂದೆವು. ಅಲ್ಲಿ ಕಲಿತದ್ದನ್ನು ಬರೆಯದೆ ಇರಲು ಮನಸ್ಸು ಒಪ್ಪುತ್ತಿಲ್ಲ.

ಅಲ್ಲಿನ ಎಷ್ಟೋ ಮನೆಗಳಿಗೆ ಬೇಸ್‌ಮೆಂಟ್ ಇರುತ್ತದೆ, ಅಂದರೆ ನೆಲದೊಳಗೆ ಇಳಿದ ಒಂದು ಅಂತಸ್ತು. ಮೇಲಿನ ರೂಮುಗಳು ಅವರಿಗೇ ಸರಿಹೋಗುತ್ತವೆ, ಊರಿಂದ ಬಂದ ನಮ್ಮಂಥವರ ಹಾಸಿಗೆ ಕೆಳಗೆ. ಮಗಳು ಪ್ರೀತಿಯಿಂದಲೇ ಎಲ್ಲ ಅಣಿ ಮಾಡಿದ್ದಳು. ಕಾರ್ಪೆಟ್, ಹೀಟರ್, ಟೀವಿ, ಪಕ್ಕದಲ್ಲೇ ಬಾತ್‌ರೂಮು. ರಾತ್ರಿ ನಿದ್ದೆ ಅಲ್ಲಿ, ಮಧ್ಯಾಹ್ನದ ನಿದ್ದೆ ಅಲ್ಲಿ, ಹೊರಗೆ ಹಿಮ ಬೀಳುತ್ತಿದ್ದರೆ ಉಳಿದ ಹೊತ್ತೂ ಅಲ್ಲೇ, ಹೀಗೆ ದಿನಕ್ಕೆ ಹದಿನಾಲ್ಕು ಗಂಟೆ ನಾನೂ ನನ್ನ ಹೆಂಡತಿಯೂ ಕಿಟಕಿ ತೆಗೆಯದ ಆ ಜಾಗದಲ್ಲೇ ಕಳೆದೆವು.

ಜನವರಿಯಲ್ಲಿ ಪಕ್ಕದ ಮನೆಯವರು ಮಾತಿಗೆ ಸಿಕ್ಕಾಗ, ರೇಡಾನ್ ಟೆಸ್ಟ್ ಮಾಡಿಸಿದ್ದೀರಾ ಅಂತ ಕೇಳಿದರು. ಮಾಡಿಸಿರಲಿಲ್ಲ. ಮನೆ ಕೊಳ್ಳುವಾಗ ಏಜೆಂಟು ‘ಹೊಸ ಮನೆ, ಬೇಕಾಗಿಲ್ಲ’ ಅಂದಿದ್ದರಂತೆ. ಈ ಮಾತು ತಪ್ಪು. ರೇಡಾನ್ ಬರುವುದು ಮನೆ ಕೆಳಗಿನ ಮಣ್ಣಿನಿಂದ. ಮನೆ ಹಳೆಯದಾದರೇನು, ಹೊಸದಾದರೇನು?

ಮಣ್ಣಿನಲ್ಲಿ, ಕಲ್ಲಿನಲ್ಲಿ ಒಂದಿಷ್ಟು ಯುರೇನಿಯಂ ಇದ್ದೇ ಇರುತ್ತದೆ. ಅದು ಬದಲಾಗುತ್ತಾ ಬದಲಾಗುತ್ತಾ ರೇಡಿಯಂ ಆಗಿ, ರೇಡಿಯಂನಿಂದ ಈ ಗ್ಯಾಸ್ ಹುಟ್ಟುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಕೆಮ್ಮು ಬರುವುದಿಲ್ಲ, ಕಣ್ಣು ಉರಿಯುವುದಿಲ್ಲ. ಬಯಲಿನಲ್ಲಾದರೆ ಗಾಳಿಗೆ ಚದುರಿಹೋಗುತ್ತದೆ. ಆದರೆ ಚಳಿಗಾಲದಲ್ಲಿ ಮುಚ್ಚಿದ ಮನೆಯ ಬಿಸಿಗಾಳಿ ಮೇಲೇರಿ ಹೋಗುತ್ತಾ ಇರುತ್ತದೆ ಅಲ್ವಾ, ಆಗ ಮನೆ ಕೆಳಗಿನ ಮಣ್ಣಿನ ಗಾಳಿಯನ್ನು ಕಾಂಕ್ರೀಟಿನ ಬಿರುಕಿನಿಂದ, ಪೈಪಿನ ಸಂದಿಯಿಂದ, ನೀರು ಬಸಿಯುವ ಗುಂಡಿಯಿಂದ ಒಳಗೆ ಎಳೆದುಕೊಳ್ಳುತ್ತದೆ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಅಂದಾಜಿನಂತೆ ಅಲ್ಲಿ ಇದರಿಂದಾಗುವ ಶ್ವಾಸಕೋಶದ ಕ್ಯಾನ್ಸರಿಗೆ ವರ್ಷಕ್ಕೆ ಸುಮಾರು 21,000 ಜನ ಸಾಯುತ್ತಾರೆ. ಸಿಗರೇಟು ಬಿಟ್ಟರೆ ಆ ಕ್ಯಾನ್ಸರಿಗೆ ಇದೇ ಎರಡನೇ ಕಾರಣ. ಸೇದುವವರಿಗೆ ಅಪಾಯ ಇನ್ನೂ ಜಾಸ್ತಿ, ಆದರೆ ಸೇದದವರನ್ನೂ ಇದು ಬಿಡುವುದಿಲ್ಲ.

ಇದು ಬೆಳಕಿಗೆ ಬಂದ ರೀತಿಯೂ ವಿಚಿತ್ರ. 1984ರಲ್ಲಿ ಪೆನ್ಸಿಲ್ವೇನಿಯಾದ ಲಿಮರಿಕ್ ಅಣು ವಿದ್ಯುತ್ ಸ್ಥಾವರದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಅನ್ನುವ ಎಂಜಿನಿಯರ್ ಬಾಗಿಲು ದಾಟಿದರೆ ಸಾಕು, ವಿಕಿರಣದ ಅಲಾರಂ ಹೊಡೆದುಕೊಳ್ಳುತ್ತಿತ್ತು. ಸ್ಥಾವರ ಆಗಿನ್ನೂ ಕಟ್ಟುತ್ತಿದ್ದದ್ದು. ಹುಡುಕುತ್ತಾ ಹೋದರೆ ವಿಕಿರಣ ಅವರು ಮನೆಯಿಂದ ಹೊತ್ತು ತರುತ್ತಿದ್ದದ್ದು! ಒಂದು ಲೀಟರ್ ಗಾಳಿಯಲ್ಲಿ 4 ಪಿಕೋಕ್ಯೂರಿ (ವಿಕಿರಣದ ಅಳತೆ) ಇದ್ದರೇ ಸರಿಪಡಿಸಿ ಅನ್ನುತ್ತದೆ ಇಪಿಎ, ಅವರ ಮನೆಯಲ್ಲಿ ಇದ್ದದ್ದು ಸುಮಾರು 2,700. ಇನ್ನು ಅಯೋವಾದ 99 ಕೌಂಟಿಗಳೂ, ಅಂದರೆ ಜಿಲ್ಲೆಗಳೂ, ಇಪಿಎ ನಕ್ಷೆಯಲ್ಲಿ ಹೆಚ್ಚಿನ ಅಪಾಯದ ವಲಯದಲ್ಲೇ ಇವೆ.

ಮಗಳು ಅಂಗಡಿಯಿಂದ ಟೆಸ್ಟ್ ಕಿಟ್ ತಂದಳು. ಅಂಗೈಯಗಲದ ಪೊಟ್ಟಣ, ಒಳಗೆ ಇದ್ದಿಲ ಪುಡಿ, ಅಷ್ಟೇ. ಅದನ್ನು ಬೇಸ್‌ಮೆಂಟ್‌ನಲ್ಲಿ ನೆಲದಿಂದ ಎರಡಡಿ ಎತ್ತರಕ್ಕೆ, ಹೀಟರ್ ಗಾಳಿ ನೇರವಾಗಿ ಬೀಸದ ಕಡೆ ಇಟ್ಟೆವು. 12 ಗಂಟೆ ಮುಂಚಿನಿಂದಲೇ ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿರಬೇಕು, ಒಳಗೆ ಹೊರಗೆ ಓಡಾಡುವಾಗ ಬಿಟ್ಟು ಬೇರೆ ಹೊತ್ತಿನಲ್ಲಿ ಬಾಗಿಲೂ ತೆಗೆಯಬಾರದು. ನಾಲ್ಕು ದಿನ ಬಿಟ್ಟು ಲಕೋಟೆಯಲ್ಲಿ ಹಾಕಿ ಲ್ಯಾಬಿಗೆ ಕಳಿಸಿದೆವು. ಉತ್ತರ ಬಂತು: 9.6 ಪಿಕೋಕ್ಯೂರಿ.

ಮಗಳು ಮಾತಾಡಲಿಲ್ಲ. ಆಮೇಲೆ ‘ಅಪ್ಪಾ, ನಿಮ್ಮಿಬ್ಬರನ್ನೂ ಇಲ್ಲಿ ಮಲಗಿಸಿಬಿಟ್ನಲ್ಲ’ ಅಂತ ಅತ್ತಳು. ಅವಳ ತಪ್ಪು ಏನೂ ಇರಲಿಲ್ಲ. ನಾವು ಹೇಗೂ ಐದು ತಿಂಗಳು ಇದ್ದು ಹೊರಡುವವರು, ಇದು ವರ್ಷಗಟ್ಟಲೆ ಉಸಿರಾಡಿದಷ್ಟೂ ಅಪಾಯ ಬೆಳೆಯುವ ಸಂಗತಿ. ನನಗೆ ಹೊಟ್ಟೆಯಲ್ಲಿ ಕಲಸಿದಂತಾದದ್ದು ಮೊಮ್ಮಗನ ಆಟದ ಸಾಮಾನೆಲ್ಲ ಅದೇ ಬೇಸ್‌ಮೆಂಟ್‌ನಲ್ಲಿ ಹರಡಿಕೊಂಡಿದ್ದದ್ದನ್ನು ಕಂಡು. ಅವತ್ತೇ ಹಾಸಿಗೆ ಮೇಲಿನ ಹಾಲ್‌ಗೆ ಬಂತು.

ರಿಪೇರಿ ಒಂದೇ ದಿನದ ಕೆಲಸ. ಬಂದವನು ಮೂಲೆಯಲ್ಲಿ ಕಾಂಕ್ರೀಟ್ ನೆಲಕ್ಕೆ ತೂತು ಕೊರೆದು, ತೋಳು ಇಳಿಬಿಟ್ಟು, ಅಡಿಯ ಜಲ್ಲಿ ಮಣ್ಣನ್ನು ಬಕೆಟ್ಟಿಗೆ ತೋಡಿ ಹಾಕಿದ. ಆ ಗುಂಡಿಯಿಂದ ಪಿವಿಸಿ ಪೈಪ್ ಅಟ್ಟದವರೆಗೆ, ಅಟ್ಟದಲ್ಲಿ ಫ್ಯಾನು, ಅಲ್ಲಿಂದ ಸೂರಿನ ಮೇಲಕ್ಕೆ. ಮಣ್ಣಿನ ಗಾಳಿ ಮನೆಯೊಳಗೆ ಬರುವ ಮುಂಚೆಯೇ ಹೀರಿ ಆಕಾಶಕ್ಕೆ ಬಿಡುವುದು, ಇಷ್ಟೇ ಉಪಾಯ. ಬಿರುಕುಗಳನ್ನೂ ಮುಚ್ಚಿದ, ಆದರೆ ಸುಮ್ನೆ ಬಿರುಕು ಮುಚ್ಚಿದರೆ ಸಾಲದು ಅಂತ ಅವನೇ ಹೇಳಿದ. ಪೈಪಿಗೆ ಕೆಂಪು ನೀರಿನ ಒಂದು ಬಾಗಿದ ಕೊಳವೆ ಅಂಟಿಸಿದ್ದಾನೆ. ನೀರು ಒಂದು ಕಡೆ ಏರಿದ್ದರೆ ಫ್ಯಾನು ಎಳೆಯುತ್ತಿದೆ ಅಂತ, ಎರಡೂ ಕಡೆ ಸಮ ಇದ್ದರೆ ನಿಂತಿದೆ ಅಂತ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಮೊದಲು ಅದನ್ನು ನೋಡಿಬರುವುದು ನನ್ನ ಅಭ್ಯಾಸವಾಯಿತು. ಖರ್ಚು 1,500 ಡಾಲರ್. ಮತ್ತೆ ಟೆಸ್ಟ್ ಮಾಡಿದಾಗ 1.1.

ನಮ್ಮೂರಲ್ಲಿ ಕಿಟಕಿ ತೆಗೆದೇ ಬದುಕುತ್ತೇವೆ, ನೆಲದಡಿ ಮಲಗುವುದಿಲ್ಲ, ಹಾಗಾಗಿ ಈ ವಿಷಯ ನಮ್ಮ ತಲೆಗೇ ಬರುವುದಿಲ್ಲ. ಮಗ, ಸೊಸೆ, ಅಳಿಯನನ್ನು ಕೇಳಲು ಸಂಕೋಚವೂ ಆಗುತ್ತದೆ, ಅವರ ಮನೆಯಲ್ಲಿ ಹುಳುಕು ಹುಡುಕಿದಂತೆ ಅಂತ. ದಯವಿಟ್ಟು ಕೇಳಿ. ಟಿಕೆಟ್ ಬುಕ್ ಮಾಡುವ ದಿನವೇ ಫೋನಿನಲ್ಲಿ ಕೇಳಿ. ಕೆನಡಾದಲ್ಲಿ ಮಕ್ಕಳಿರುವವರೂ ಕೇಳಿ, ಅಲ್ಲಿ ಲೆಕ್ಕ ಬೆಕರೆಲ್ ಅನ್ನುವ ಇನ್ನೊಂದು ಅಳತೆಯಲ್ಲಿ, ಒಂದು ಘನ ಮೀಟರ್ ಗಾಳಿಯಲ್ಲಿ 200 ದಾಟಿದರೆ ಸರಿಪಡಿಸಬೇಕು.

ಅಮೆರಿಕದಲ್ಲಿ ಜನವರಿಯನ್ನು ರೇಡಾನ್ ಜಾಗೃತಿ ತಿಂಗಳು ಅಂತ ಇಟ್ಟಿದ್ದಾರೆ. ಅಷ್ಟರೊಳಗೆ ನಿಮ್ಮ ಪತ್ರಿಕೆಯಲ್ಲಿ ತಿಳಿದವರಿಂದ ಒಂದು ಲೇಖನ ಬರೆಸಿದರೆ, ಚಳಿಗಾಲಕ್ಕೆ ಹೊರಟಿರುವ ಎಷ್ಟೋ ಮನೆಯವರು ಓದುತ್ತಾರೆ.

ಒಬ್ಬ ನಿವೃತ್ತ ಮೇಷ್ಟ್ರು, ಹಾಸನ