ಕರಪತ್ರಕ್ಕೆ ಹೆಸರು ಬೇಕು, ರೀಲ್ಸ್‌ಗೆ ಬೇಡವೇ?

ಮಾನ್ಯ ಸಂಪಾದಕರೇ,

ಚುನಾವಣೆ ಘೋಷಣೆಯಾದಾಗಲೆಲ್ಲ ರಾಜಕೀಯ ಪಕ್ಷಗಳು ಸಾಮಾಜಿಕ ಜಾಲತಾಣಗಳನ್ನು ಬಳಸಿಕೊಳ್ಳುವ ರೀತಿಯ ಬಗ್ಗೆ ತಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲೆಡೆ ಚರ್ಚೆ ನಡೆಯುತ್ತದೆ. ಆ ಚರ್ಚೆ ಸುಳ್ಳು ಸುದ್ದಿ, ದ್ವೇಷದ ಮಾತು, ಡೀಪ್‌ಫೇಕ್ (ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಿದ ನಕಲಿ ವಿಡಿಯೊ, ಧ್ವನಿ) ಇವುಗಳ ಸುತ್ತಲೇ ಸುತ್ತಿ, ಮತ ಎಣಿಕೆ ಮುಗಿದ ದಿನ ತಣ್ಣಗಾಗುತ್ತದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮುದ್ರಣಾಲಯ ನಡೆಸಿ, ಎಲ್ಲ ಪಕ್ಷಗಳ ಕರಪತ್ರಗಳನ್ನೂ ಅಚ್ಚು ಹಾಕಿಕೊಟ್ಟಿರುವ ನನಗೆ, ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯನ್ನೇ ನಾವು ಬಿಟ್ಟಿದ್ದೇವೆ ಅನಿಸುತ್ತದೆ. ಫೋನಿಗೆ ಬಂದ ಈ ಪ್ರಚಾರ ಸಾಮಗ್ರಿಯನ್ನು ತಯಾರಿಸಿದವರು ಯಾರು, ತಯಾರಿಸಲು ಹೇಳಿದವರು ಯಾರು ಎಂಬುದೇ ಆ ಪ್ರಶ್ನೆ.

ಕಾಗದದ ಮಟ್ಟಿಗೆ ಈ ಪ್ರಶ್ನೆಗೆ 1961ರಲ್ಲೇ ಉತ್ತರ ಸಿಕ್ಕಿದೆ. ಆ ವರ್ಷ 1951ರ ಪ್ರಜಾಪ್ರತಿನಿಧಿ ಕಾಯ್ದೆಗೆ ಸೇರಿಸಲಾದ ಸೆಕ್ಷನ್ 127ಎ ಪ್ರಕಾರ, ಚುನಾವಣೆಯ ಯಾವುದೇ ಕರಪತ್ರ ಅಥವಾ ಭಿತ್ತಿಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಅಚ್ಚು ಹಾಕಿಸಲು ಬಂದವರು ತಾವು ಯಾರೆಂದು ಬರೆದು ಸಹಿ ಮಾಡಿದ ಘೋಷಣಾ ಪತ್ರವನ್ನು ಎರಡು ಪ್ರತಿಗಳಲ್ಲಿ ಕೊಡಬೇಕು, ಅವರನ್ನು ಖುದ್ದಾಗಿ ಬಲ್ಲ ಇಬ್ಬರು ಅದನ್ನು ದೃಢೀಕರಿಸಬೇಕು. ಮುದ್ರಣವಾದ ಬಳಿಕ ಘೋಷಣಾ ಪತ್ರದ ಒಂದು ಪ್ರತಿಯನ್ನೂ ಅಚ್ಚಾದ ಹಾಳೆಗಳನ್ನೂ ಜಿಲ್ಲಾಧಿಕಾರಿ ಕಚೇರಿಗೆ ಕಳುಹಿಸಬೇಕು. ಚುನಾವಣಾ ಆಯೋಗದ ಸೂಚನೆಯಂತೆ ಎಷ್ಟು ಪ್ರತಿ ಅಚ್ಚು ಹಾಕಿದೆವು, ಎಷ್ಟು ಹಣ ಪಡೆದೆವು ಎಂಬುದನ್ನೂ ಬರೆದುಕೊಡಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಎರಡು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ.

ಇದು ಪುಸ್ತಕದಲ್ಲಷ್ಟೇ ಉಳಿದ ಕಾನೂನಾಗಿರಲಿಲ್ಲ. ಒಮ್ಮೆ ಐದು ಸಾವಿರ ಕರಪತ್ರಗಳನ್ನು ಕತ್ತರಿಸುವಾಗ ನಮ್ಮ ಹುಡುಗ ಅಳತೆ ತಪ್ಪಿಸಿದ್ದರಿಂದ ಹಾಳೆಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿದ್ದ ಮುದ್ರಕರ ಸಾಲು ಅರ್ಧಕ್ಕೆ ಹಾರಿಹೋಗಿತ್ತು. ಅಭ್ಯರ್ಥಿಯ ಕಡೆಯವರು ‘ಯಾರು ನೋಡುತ್ತಾರೆ ಬಿಡಿ’ ಎಂದರು. ನನಗೆ ಧೈರ್ಯ ಸಾಲಲಿಲ್ಲ. ಅಷ್ಟೂ ಹಾಳೆಗಳನ್ನು ರದ್ದಿಗೆ ಹಾಕಿ, ನನ್ನ ಖರ್ಚಿನಲ್ಲೇ ಮತ್ತೆ ಅಚ್ಚು ಹಾಕಿಕೊಟ್ಟೆ. ಹೆಸರಿಲ್ಲದ ಕರಪತ್ರಗಳು ಆ ಕಾಲದಲ್ಲೂ ರಾತ್ರೋರಾತ್ರಿ ಬಾಗಿಲ ಸಂದಿಯಿಂದ ಒಳಗೆ ಬೀಳುತ್ತಿದ್ದವು, ಇಲ್ಲವೆನ್ನುವುದಿಲ್ಲ. ಆದರೆ ಹೆಸರಿಲ್ಲ ಎಂಬುದೇ ಅದು ಕಳ್ಳ ಮಾಲು ಎನ್ನುವುದಕ್ಕೆ ಗುರುತಾಗಿತ್ತು. ಈಗ ಫೋನಿಗೆ ಬರುವ ಪ್ರಚಾರದಲ್ಲಿ ಹೆಸರಿಲ್ಲದಿರುವುದೇ ವಾಡಿಕೆಯಾಗಿದೆ, ಹೆಸರಿದ್ದರೆ ಆಶ್ಚರ್ಯಪಡಬೇಕು.

ರಾಜ್ಯ ವಿಧಾನಸಭೆಗೆ 2023ರ ಮೇ 10ರಂದು ಮತದಾನ ನಡೆಯಿತು. ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮೊದಲೇ ಬಹಿರಂಗ ಪ್ರಚಾರ ನಿಲ್ಲಬೇಕೆಂಬ ಸೆಕ್ಷನ್ 126ರಂತೆ 8ರ ಸಂಜೆಗೆ ಮೈಕುಗಳು ಮೌನವಾದವು. ಮರುದಿನ ಮಧ್ಯಾಹ್ನ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಅಭ್ಯರ್ಥಿಯೊಬ್ಬರ ಭಾಷಣದ ಹನ್ನೆರಡು ಸೆಕೆಂಡಿನ ತುಣುಕೊಂದು ಬಂತು. ‘ನಿಮ್ಮ ಕಡೆಗೆ ಕುಡಿಯುವ ನೀರು ಬರುವುದಿಲ್ಲ’ ಎಂದು ಅವರೇ ಗಟ್ಟಿಯಾಗಿ ಹೇಳುತ್ತಿದ್ದರು. ಆ ಸಭೆಗೆ ನಾನು ಹೋಗಿದ್ದೆ. ಅವರು ಹೇಳಿದ್ದು, ‘ನಿಮ್ಮ ಕಡೆಗೆ ಕುಡಿಯುವ ನೀರು ಬರುವುದಿಲ್ಲ ಅಂತ ಅವರು ಹೇಳಿಕೊಂಡು ತಿರುಗುತ್ತಿದ್ದಾರೆ’ ಎಂದು. ಕನ್ನಡದಲ್ಲಿ ‘ಅಂತ’ ಎನ್ನುವುದು ಮಾತಿನ ಕೊನೆಗೆ ಬರುತ್ತದೆ. ಅದಕ್ಕೆ ಸ್ವಲ್ಪ ಮುಂಚೆ ಕತ್ತರಿ ಹಾಕಿದರೆ ಎದುರಾಳಿಯ ಮಾತು ಹೇಳಿದವನ ಬಾಯಿಗೇ ಅಂಟಿಕೊಳ್ಳುತ್ತದೆ. ಇದಕ್ಕೆ ಕೃತಕ ಬುದ್ಧಿಮತ್ತೆಯೂ ಬೇಡ, ದುಬಾರಿ ಕಂಪ್ಯೂಟರೂ ಬೇಡ, ಕನ್ನಡ ಬಲ್ಲ ಒಬ್ಬ ಜಾಣ ಸಾಕು. ನಾನು ಗುಂಪಿನಲ್ಲಿ ವಿವರಣೆ ಬರೆದೆ. ಅದರ ಮೇಲೆ ಎಷ್ಟು ಶುಭ ಮಧ್ಯಾಹ್ನಗಳು ಬಂದು ಕುಳಿತವೆಂದರೆ, ಅದನ್ನು ಓದಿದವರು ಮೂರು ನಾಲ್ಕು ಮಂದಿ ಇದ್ದಿರಬಹುದು.

ತುಣುಕನ್ನು ಹಾಕಿದ ನೆರೆಮನೆಯವರನ್ನು ನಾನು ದೂರುವುದಿಲ್ಲ. ಅವರಿಗೆ ಅದು ಮತಗಟ್ಟೆ ಮಟ್ಟದ ಗುಂಪಿನಿಂದ ಬಂದಿತ್ತು, ಆ ಗುಂಪಿಗೆ ಕ್ಷೇತ್ರದ ಗುಂಪಿನಿಂದ, ಅಲ್ಲಿಗೆ ಇನ್ನೂ ಮೇಲಿನಿಂದ. ಪಕ್ಷಗಳ ಐಟಿ ಸೆಲ್‌ಗಳು, ಅಂದರೆ ಜಾಲತಾಣ ಪ್ರಚಾರದ ತಂಡಗಳು, ಕೆಲಸ ಮಾಡುವುದೇ ಹೀಗೆ, ಮೆಟ್ಟಿಲು ಮೆಟ್ಟಿಲಾಗಿ. ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳುಹಿಸಬಹುದೆಂದು ವಾಟ್ಸ್‌ಆ್ಯಪ್ 2018ರಲ್ಲಿ ಭಾರತದಲ್ಲಿ ಮಿತಿ ಹೇರಿತು. ಪದೇ ಪದೇ ಕೈ ಬದಲಾದ ಸಂದೇಶಗಳಿಗೆ 2020ರಲ್ಲಿ ಆ ಮಿತಿ ಒಂದಕ್ಕಿಳಿಯಿತು. ಸುಮ್ಮನೆ ಕುತೂಹಲಕ್ಕೆ ಕಳುಹಿಸುವವರನ್ನು ಇದು ತಡೆದಿರಬಹುದು. ಆದರೆ 58 ಸಾವಿರಕ್ಕೂ ಹೆಚ್ಚು ಮತಗಟ್ಟೆಗಳಿರುವ ರಾಜ್ಯದಲ್ಲಿ ಪ್ರತಿ ಮಟ್ಟದಲ್ಲೂ ಇದೇ ಕೆಲಸಕ್ಕೆಂದು ಒಬ್ಬೊಬ್ಬ ಕಾರ್ಯಕರ್ತನನ್ನು ಕೂರಿಸಬಲ್ಲ ಪಕ್ಷಕ್ಕೆ ಇಂಥ ಮಿತಿ ಏನು ಅಡ್ಡಿ? ಇದರ ಜೊತೆಗೆ ಚುನಾವಣೆಗೆ ತಿಂಗಳುಗಟ್ಟಲೆ ಮೊದಲು ಉದ್ಯೋಗ ಮಾಹಿತಿ, ಭಕ್ತಿಗೀತೆ, ಊರಿನ ಸುದ್ದಿ ಎಂಬ ಹೆಸರಿನಲ್ಲಿ ಹುಟ್ಟಿಕೊಂಡು, ಅಧಿಸೂಚನೆ ಹೊರಬಿದ್ದ ವಾರದಲ್ಲೇ ಬಣ್ಣ ಬದಲಿಸುವ ಪುಟಗಳಿವೆ. ಹ್ಯಾಷ್‌ಟ್ಯಾಗ್ ಅಭಿಯಾನಕ್ಕೆ ಮೊದಲೇ ಬರೆದಿಟ್ಟ ಸಾಲುಗಳನ್ನು ಹಂಚುವ ಪದ್ಧತಿಯೂ ಇದೆ. ಪ್ರೂಫ್ ನೋಡಿ ಪಳಗಿದ ಕಣ್ಣಿಗೆ ಅದು ಬೇಗ ಸಿಕ್ಕಿಬೀಳುತ್ತದೆ: ಪರಸ್ಪರ ಪರಿಚಯವೇ ಇಲ್ಲದವರಂತೆ ಕಾಣುವ ಹತ್ತಾರು ಖಾತೆಗಳಲ್ಲಿ ‘ಅಭಿವೃದ್ಧಿ’ಗೆ ಅದೇ ತಪ್ಪು ಒತ್ತಕ್ಷರ, ಅದೇ ಜಾಗದಲ್ಲಿ ಬೇಡದ ಅಲ್ಪವಿರಾಮ.

ಚುನಾವಣಾ ಆಯೋಗ ಏನೂ ಮಾಡಿಲ್ಲ ಎಂದರೆ ತಪ್ಪಾಗುತ್ತದೆ. ಅಭ್ಯರ್ಥಿಗಳು ತಮ್ಮ ಜಾಲತಾಣ ಖಾತೆಗಳ ವಿವರವನ್ನು ಪ್ರಮಾಣಪತ್ರದಲ್ಲಿ ನೀಡಬೇಕು, ಜಾಲತಾಣದ ಜಾಹೀರಾತಿಗೂ ಪೂರ್ವಾನುಮತಿ ಪಡೆಯಬೇಕು ಎಂದು 2013ರ ಅಕ್ಟೋಬರ್‌ನಲ್ಲೇ ಅದು ಸೂಚಿಸಿತು. 2019ರ ಲೋಕಸಭಾ ಚುನಾವಣೆಗೆ ಮುನ್ನ ಜಾಲತಾಣ ಕಂಪನಿಗಳು ಸ್ವಯಂಪ್ರೇರಿತ ನೀತಿ ಸಂಹಿತೆಯೊಂದಕ್ಕೆ ಒಪ್ಪಿ, ಮತದಾನಕ್ಕೆ ಮುಂಚಿನ ಆ 48 ಗಂಟೆಗಳ ಮೌನ ಅವಧಿಯ ಉಲ್ಲಂಘನೆಯನ್ನು ಆಯೋಗ ತಿಳಿಸಿದ ಮೂರು ಗಂಟೆಯೊಳಗೆ ಕ್ರಮ ಕೈಗೊಳ್ಳುವುದಾಗಿ ಹೇಳಿದವು. ಡೀಪ್‌ಫೇಕ್ ಗಮನಕ್ಕೆ ಬಂದ ಮೂರು ಗಂಟೆಯೊಳಗೆ ಅಳಿಸಬೇಕೆಂದು 2024ರ ಮೇ 6ರಂದು ಪಕ್ಷಗಳಿಗೂ ಸೂಚನೆ ಹೋಯಿತು. ಇವೆಲ್ಲವೂ ಸರಿಯೇ. ಆದರೆ ಇವು ಬಾಣ ಬಿಟ್ಟ ಮೇಲಿನ ಮಾತು. 2024ರ ಆ ಲೋಕಸಭಾ ಚುನಾವಣೆಯಲ್ಲೇ ರಾಜ್ಯದ ಪಕ್ಷವೊಂದರ ಅಧಿಕೃತ ಖಾತೆಯಲ್ಲಿ ಬಂದ ಅನಿಮೇಷನ್ ವಿಡಿಯೊವನ್ನು ತೆಗೆಯುವಂತೆ ಆಯೋಗ ‘ಎಕ್ಸ್’ಗೆ (ಹಿಂದಿನ ಟ್ವಿಟರ್) ಆದೇಶಿಸಿದ್ದು ಮೇ 7ರಂದು, ಅಂದರೆ ರಾಜ್ಯದ ಉತ್ತರದ 14 ಕ್ಷೇತ್ರಗಳಲ್ಲಿ ಜನ ಮತ ಹಾಕುತ್ತಿದ್ದ ದಿನ. ವಿಡಿಯೊ ಬಂದು ಅದಾಗಲೇ ಮೂರು ದಿನಗಳಾಗಿದ್ದವು. (ಪಕ್ಷದ ಹೆಸರನ್ನು ಬೇಕೆಂದೇ ಬರೆದಿಲ್ಲ. ಬರೆದ ಮರುಕ್ಷಣ ಚರ್ಚೆ ‘ನೀವು ಮಾಡಿದ್ದೇನು’ ಎಂಬ ಕಡೆ ಹೊರಳುತ್ತದೆ, ಈ ವಿಷಯದಲ್ಲಿ ಯಾರ ಕೈಯೂ ಶುಭ್ರವಾಗಿಲ್ಲ.) ಅದು ಅಧಿಕೃತ ಖಾತೆಯಾದ್ದರಿಂದ ಯಾರನ್ನು ಕೇಳಬೇಕೆಂಬುದಾದರೂ ಗೊತ್ತಿತ್ತು. ನಮ್ಮ ಬಡಾವಣೆಗೆ ಬಂದ ಹನ್ನೆರಡು ಸೆಕೆಂಡಿಗೆ ಆ ಭಾಗ್ಯವೂ ಇರಲಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ: ಮುದ್ರಕರ ಮೇಲೆ ಹೊರಿಸಿರುವ ಹೊಣೆಯನ್ನು ಡಿಜಿಟಲ್ ಪ್ರಚಾರ ಸಾಮಗ್ರಿ ತಯಾರಿಸುವವರ ಮೇಲೂ ಹೊರಿಸಬೇಕು. ಇದಕ್ಕೆ ಹೊಸ ಕಾನೂನೇ ಬೇಕೆಂದೂ ಇಲ್ಲ. 127ಎ ಸೆಕ್ಷನ್ ಬರೆದವರು ದೂರ ನೋಡಬಲ್ಲವರಾಗಿದ್ದರು. ಕೈಯಿಂದ ನಕಲು ಮಾಡುವುದನ್ನು ಬಿಟ್ಟು, ದಾಖಲೆಯೊಂದರ ಪ್ರತಿಗಳನ್ನು ಹೆಚ್ಚಿಸುವ ಯಾವುದೇ ವಿಧಾನವನ್ನೂ ‘ಮುದ್ರಣ’ವೆಂದೇ ಪರಿಗಣಿಸಬೇಕು ಎಂದು ಅವರು ಅದರಲ್ಲೇ ಬರೆದಿಟ್ಟಿದ್ದಾರೆ. ಸೈಕ್ಲೋಸ್ಟೈಲ್ ಯಂತ್ರದಲ್ಲಿ ಹಾಳೆಗಳ ಪ್ರತಿ ತೆಗೆಯುತ್ತಿದ್ದ ಕಾಲದಲ್ಲಿ ಬರೆದ ಈ ಮಾತು ಪೋಸ್ಟರ್ ಚಿತ್ರ, ರೀಲ್ಸ್, ಧ್ವನಿ ತುಣುಕುಗಳಿಗೂ ಅನ್ವಯಿಸುತ್ತದೆಂದು ಆಯೋಗ ಸ್ಪಷ್ಟೀಕರಣ ನೀಡಬಾರದೇಕೆ? ವಿಡಿಯೊ ‘ದಾಖಲೆ’ಯಲ್ಲ ಎಂದು ಯಾರಾದರೂ ತಕರಾರು ತೆಗೆದರೆ, ಒಂದು ಸಾಲಿನ ತಿದ್ದುಪಡಿ ಸಾಕು. ಫೇಸ್‌ಬುಕ್, ಗೂಗಲ್‌ಗಳಲ್ಲಿ ಹಣ ಕೊಟ್ಟು ಹಾಕಿಸುವ ರಾಜಕೀಯ ಜಾಹೀರಾತುಗಳ ಮೇಲೆ ಹಣ ಕೊಟ್ಟವರ ಹೆಸರು ಕಾಣುವ ಏರ್ಪಾಡು 2019ರಿಂದಲೇ ಇದೆ. ಆದ್ದರಿಂದ ಇದು ತಾಂತ್ರಿಕವಾಗಿ ಆಗದ ಕೆಲಸವೂ ಅಲ್ಲ.

ಇದರಿಂದ ಜನರ ಖಾಸಗಿ ಸಂಭಾಷಣೆಗೆ ಕೈ ಹಾಕಿದಂತಾಗುತ್ತದೆ ಎಂಬ ಆಕ್ಷೇಪ ಬರಬಹುದು. ಆ ಭಯ ನನಗೂ ಇದೆ. ಯಾರು ಯಾರಿಗೆ ಏನು ಕಳುಹಿಸಿದರೆಂದು ಬಗೆದು ನೋಡುವ ಅಧಿಕಾರವನ್ನು ಯಾವ ಸರ್ಕಾರಕ್ಕೂ ಕೊಡಬಾರದು. 127ಎ ಅದನ್ನು ಕೇಳುವುದೂ ಇಲ್ಲ. ಕರಪತ್ರವನ್ನು ಓದಿ ಪಕ್ಕದ ಮನೆಗೆ ದಾಟಿಸಿದವರನ್ನು ನನ್ನ ಕಾಲದಲ್ಲಿ ಯಾರೂ ಪ್ರಶ್ನಿಸಲಿಲ್ಲ, ಪ್ರಶ್ನಿಸಿದ್ದು ಅಚ್ಚು ಹಾಕಿದ ನನ್ನನ್ನು. ಇಂದು ಕ್ಷೇತ್ರಕ್ಕೊಂದರಂತೆ ಒಪ್ಪಂದ ಮಾಡಿಕೊಂಡು ದಿನಕ್ಕೆ ಇಷ್ಟು ಪೋಸ್ಟರ್, ಇಷ್ಟು ವಿಡಿಯೊ ಎಂದು ತಯಾರಿಸಿಕೊಡುವ ಸಂಸ್ಥೆಗಳು ಇಂದಿನ ಮುದ್ರಣಾಲಯಗಳು. ಅವರಿಗೆ ಕಚೇರಿಯಿದೆ, ಬಿಲ್ ಪುಸ್ತಕವಿದೆ, ಜಿಎಸ್‌ಟಿ ಸಂಖ್ಯೆಯಿದೆ. ಘೋಷಣಾ ಪತ್ರ ಪಡೆದು ಕೆಲಸ ಮಾಡಲು, ಚಿತ್ರದ ಅಡಿಯಲ್ಲಿ ತಮ್ಮ ಹೆಸರನ್ನೂ ಮಾಡಿಸಿದವರ ಹೆಸರನ್ನೂ ಹಾಕಲು ಅವರಿಗೇನು ಕಷ್ಟ?

ಕಷ್ಟವಿರುವುದು ಬಹುಶಃ ಲೆಕ್ಕದಲ್ಲಿ. ನಮ್ಮಲ್ಲಿ ವಿಧಾನಸಭಾ ಅಭ್ಯರ್ಥಿಯ ಖರ್ಚಿಗೆ 40 ಲಕ್ಷ ರೂಪಾಯಿ, ಲೋಕಸಭಾ ಅಭ್ಯರ್ಥಿಗೆ 95 ಲಕ್ಷ ರೂಪಾಯಿ ಮಿತಿಯಿದೆ, ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಜಾಲತಾಣ ಕಂಪನಿಗೆ ಕೊಟ್ಟ ಹಣವಷ್ಟೇ ಅಲ್ಲ, ಸಾಮಗ್ರಿ ತಯಾರಿಸಿದ ವೆಚ್ಚ, ಖಾತೆ ನೋಡಿಕೊಳ್ಳುವ ಹುಡುಗರ ಸಂಬಳವೂ ಲೆಕ್ಕಕ್ಕೆ ಬರಬೇಕೆಂದು 2013ರ ಆ ಸೂಚನೆಯೇ ಹೇಳುತ್ತದೆ. ಆದರೆ ‘ಅಭಿಮಾನಿ ಬಳಗ’ದ ಹೆಸರಿನಲ್ಲಿ ಹೊರಬಂದ ವಿಡಿಯೊದ ವೆಚ್ಚ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ನಾನು ಐನೂರು ಹ್ಯಾಂಡ್‌ಬಿಲ್‌ಗೆ ಪಡೆದ ಹಣವನ್ನೂ ಬರೆದುಕೊಡುತ್ತಿದ್ದೆ. ಅದನ್ನು ವೆಚ್ಚ ವೀಕ್ಷಕರು ಅಭ್ಯರ್ಥಿಯ ಪುಸ್ತಕದೊಡನೆ ತಾಳೆ ನೋಡಬಹುದಿತ್ತು. ತಯಾರಿಸಿದವರ ಹೆಸರೇ ಇಲ್ಲದಿದ್ದರೆ ತಾಳೆ ನೋಡುವುದು ಯಾವುದರ ಜೊತೆ?

ಪ್ರತಿ ಚುನಾವಣೆಗೂ ಮುನ್ನ ಜಿಲ್ಲಾಧಿಕಾರಿಗಳು ಮುದ್ರಣಾಲಯಗಳ ಮಾಲೀಕರ ಸಭೆ ಕರೆಯುತ್ತಾರೆ. 127ಎ ಓದಿ ಹೇಳಿ, ನಮೂನೆಗಳನ್ನು ಹಂಚಿ, ಎಚ್ಚರಿಕೆ ಕೊಟ್ಟು ಕಳುಹಿಸುತ್ತಾರೆ. ನಾನು ಹೋದ ಕೊನೆಯ ಸಭೆಯಲ್ಲಿ ಅರ್ಧಕ್ಕರ್ಧ ಕುರ್ಚಿಗಳು ಖಾಲಿಯಿದ್ದವು, ಏಕೆಂದರೆ ಕರಪತ್ರದ ಕೆಲಸವೇ ಅಷ್ಟು ಕಡಿಮೆಯಾಗಿದೆ. ಮುಂದಿನ ಸಭೆಗೆ ಪಕ್ಷಗಳ ರೀಲ್ಸ್ ಮತ್ತು ಪೋಸ್ಟರ್ ತಯಾರಿಸುವ ಸಂಸ್ಥೆಗಳನ್ನೂ ಕರೆದು, ಅದೇ ನಮೂನೆಗಳನ್ನು ಅವರ ಕೈಗೂ ಕೊಡಬೇಕೆಂದು ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳಲ್ಲಿ ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ,
ಒಬ್ಬ ನಿವೃತ್ತ ಮುದ್ರಕ