ಭಾನುವಾರದ ಮಾತುಕತೆ: ಯಕೃತ್ತಿನ ಕಸಿ

ಸದಸ್ಯರೇ, ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬೆಳಗಾವಿಯ ಟಿಳಕವಾಡಿಯಲ್ಲಿ, ಎಂದಿನ ಜಾಗದಲ್ಲಿ ಸೇರೋಣ. ಈ ಸಲ ಮಾತು ಅಮೆರಿಕದ ಶಸ್ತ್ರಚಿಕಿತ್ಸಕ, ಸಂಶೋಧಕ ಥಾಮಸ್ ಸ್ಟಾರ್ಜಲ್ ಅವರ ಕುರಿತು.

1963ರಲ್ಲಿ ಡೆನ್ವರಿನಲ್ಲಿ ಅವರು ಮನುಷ್ಯರಿಗೆ ಮೊದಲ ಬಾರಿ ಯಕೃತ್ತನ್ನು ಕಸಿ ಮಾಡಿದಾಗ, ಮೂರು ವರ್ಷದ ಮಗು ರಕ್ತಸ್ರಾವದಿಂದ ಮೇಜಿನ ಮೇಲೆಯೇ ತೀರಿಕೊಂಡಿತು. ನಂತರದ ರೋಗಿಗಳೂ ಹೆಚ್ಚು ದಿನ ಉಳಿಯಲಿಲ್ಲ. ಕಸಿ ನಿಲ್ಲಿಸಿ ಪ್ರಯೋಗಾಲಯಕ್ಕೆ ಮರಳಿದರು. 1967ರಲ್ಲಿ ಯಶಸ್ಸು ಸಿಕ್ಕಿತು. ನನಗಂತೂ ಆ ನಡುವಿನ ವರ್ಷಗಳೇ ಹೆಚ್ಚು ಕುತೂಹಲ. ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೊರಿನ್, ಟ್ಯಾಕ್ರೊಲಿಮಸ್ ಔಷಧಗಳ ಕಥೆಯನ್ನು ಗುಂಪಿನ ವೈದ್ಯರು ಹೇಳುತ್ತಾರೆ, ಅದು ನನ್ನಿಂದಾಗದು.

ಅಂಗದಾನಕ್ಕೆ ಹೆಸರು ನೋಂದಾಯಿಸುವವರು ಮೊದಲು ಮನೆಯವರಿಗೆ ತಿಳಿಸಿರಿ. ಕೊನೆಗೆ ಒಪ್ಪಿಗೆ ಕೇಳುವುದು ಅವರನ್ನೇ. ಬರುವವರು ಶನಿವಾರ ಸಂಜೆಯೊಳಗೆ ಇಲ್ಲಿ ಬರೆಯಿರಿ, ಚಹಾಕ್ಕೆ ಹೇಳಬೇಕು.