ಸೂಚನೆ: ರುಮಟಾಯ್ಡ್ ಸಂಧಿವಾತ ಮತ್ತು ‘ಹಳ್ಳಿಯವರಿಗೆ ಬರಲ್ಲ’ ಎಂಬ ಮೆಸೇಜು

ಸದಸ್ಯರಿಗೆ ನಮಸ್ಕಾರ. ರುಮಟಾಯ್ಡ್ ಸಂಧಿವಾತ (ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ದಾಳಿ ಮಾಡುವ ರೋಗ) ಹಳ್ಳಿಯವರಿಗೆ ಬರುವುದಿಲ್ಲ ಎಂಬ ಮೆಸೇಜು ಹರಿದಾಡುತ್ತಿದೆ. ಅದನ್ನು ದಯವಿಟ್ಟು ಮುಂದೆ ಕಳಿಸಬೇಡಿ. 1993ರಲ್ಲಿ ಪ್ರಕಟವಾದ ಹರಿಯಾಣದ ಬಲ್ಲಭಗಢ ಸಮೀಕ್ಷೆಯಲ್ಲಿ ಹಳ್ಳಿಗಳ ಸುಮಾರು 40 ಸಾವಿರ ವಯಸ್ಕರನ್ನು ವಿಚಾರಿಸಿದಾಗ 0.75% ಜನರಿಗೆ ಈ ರೋಗವಿತ್ತು.

ಪ್ರದೇಶದಿಂದ ಪ್ರದೇಶಕ್ಕೆ ಪ್ರಮಾಣ ಬದಲಾಗುವುದೇನೋ ನಿಜ. ಅಮೆರಿಕದ ಪೀಮಾ ಮೂಲನಿವಾಸಿಗಳಲ್ಲಿ ಸುಮಾರು 5% ಕಂಡುಬಂದಿತ್ತು. ನೈಜೀರಿಯಾದ ಒಂದು ಗ್ರಾಮೀಣ ಸಮೀಕ್ಷೆಯಲ್ಲಿ ಒಬ್ಬರೂ ಸಿಗಲಿಲ್ಲ. ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಎಚ್‌ಎಲ್‌ಎ-ಡಿಆರ್‌ಬಿ1 ಎಂಬ ಜೀನಿನ ಕೆಲವು ರೂಪಗಳು ಇದಕ್ಕೆ ಒಂದು ಮುಖ್ಯ ಕಾರಣ. ಅವು ಇರುವವರು ಸಿಗರೇಟು ಸೇದಿದರೆ ಅಪಾಯ ಹಲವು ಪಟ್ಟು ಏರುತ್ತದೆ, ಏಕೆಂದರೆ ಹೊಗೆ ಶ್ವಾಸಕೋಶದ ಪ್ರೋಟೀನುಗಳನ್ನು ಮಾರ್ಪಡಿಸಿ ದೇಹ ಅವುಗಳ ವಿರುದ್ಧವೇ ಪ್ರತಿಕಾಯ ತಯಾರಿಸುವಂತೆ ಮಾಡುತ್ತದೆ. ಕಲ್ಲುಕ್ವಾರಿಯ ಸಿಲಿಕಾ ಧೂಳೂ ಅಪಾಯಕಾರಿ. ಕ್ವಾರಿ ಕೆಲಸದವರು ಮನೆಯಲ್ಲಿದ್ದರೆ ಡಾಕ್ಟರಿಗೆ ಹೇಳಲೇಬೇಕು, ಅವರಾಗಿ ಕೇಳುವುದು ಕಡಿಮೆ.

ನಮ್ಮ ಕಡೆ ಲೆಕ್ಕ ತಪ್ಪಿಸುವುದು ಚಿಕೂನ್‌ಗುನ್ಯಾ. 2006ರಲ್ಲಿ ಕರ್ನಾಟಕದಲ್ಲಿ ಹಬ್ಬಿದ ಈ ಜ್ವರದ ಕೀಲುನೋವು ತಿಂಗಳುಗಟ್ಟಲೆ ಉಳಿಯಬಹುದು, ನೋಡಲು ರುಮಟಾಯ್ಡ್ ಸಂಧಿವಾತದಂತೆಯೇ ಇರುತ್ತದೆ. ‘ಜ್ವರದ ನೋವು, ತಾನೇ ಹೋಗುತ್ತೆ’ ಎಂದು ಕಾಯುವಷ್ಟರಲ್ಲಿ ನಿಜವಾಗಿ ರುಮಟಾಯ್ಡ್ ಸಂಧಿವಾತ ಇರುವವರ ಕೀಲು ಸವೆದುಹೋಗುತ್ತದೆ. ಬೆರಳ ಗೆಣ್ಣು, ಮಣಿಕಟ್ಟು ಊದಿ, ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಹೆಚ್ಚಿದ್ದು, ಇದು 6 ವಾರ ದಾಟಿದರೆ ರುಮಟಾಲಜಿಸ್ಟ್ (ಕೀಲುರೋಗ ತಜ್ಞರು) ಬಳಿ ಹೋಗಿ. ಆರ್‌ಎಫ್ (ರುಮಟಾಯ್ಡ್ ಫ್ಯಾಕ್ಟರ್) ಎಂಬ ರಕ್ತಪರೀಕ್ಷೆ ಒಂದನ್ನೇ ನಂಬಬೇಡಿ, ಆರೋಗ್ಯವಂತರಲ್ಲೂ ಅದು ಪಾಸಿಟಿವ್ ಬರುವುದುಂಟು. ಜೊತೆಗೆ ಆ್ಯಂಟಿ-ಸಿಸಿಪಿ ಎಂಬ ಇನ್ನೊಂದು ರಕ್ತಪರೀಕ್ಷೆ ಮಾಡಿಸುವ ಬಗ್ಗೆ ಕೇಳಿ.